ಸೀಟಿ ಹಾಕುವ ಕಲ್ಲು

ಇಲ್ಲಿಮಾನಿ ಪರ್ವತದ ನೆತ್ತಿಯ ಮೇಲೆ ಹಾರಾಡುವ ಕಾಂಡೋರ್ ಹದ್ದುಗಳು ಮೋಡ ಕವಿದು ದಾರಿ ತಪ್ಪಿದರೆ ಎಲ್ಲಿಗೆ ಬರುತ್ತವೆ ಗೊತ್ತೆ? ನನ್ನ ಹತ್ತಿರ. ಲಾ ಪಾಸ್ ನಗರದ ಬಸ್ ನಿಲ್ದಾಣದ ಬಾಗಿಲಲ್ಲಿ ಉಣ್ಣೆ ಟೋಪಿ ಮಾರುತ್ತ ಕುಳಿತ ನನ್ನ ಮುಂದೆ ಇಳಿದು, ರೆಕ್ಕೆ ಮಡಚಿ, ತಲೆ ತಗ್ಗಿಸಿ ದಾರಿ ಕೇಳುತ್ತವೆ. ಹೇಳಿದ ಮೇಲೆ ಒಂದೊಂದು ಟೋಪಿಯನ್ನೂ ಕೊಂಡು ಹೋಗುತ್ತವೆ. ಮನುಷ್ಯರ ಹಾಗೆ ಚೌಕಾಸಿ ಮಾಡುವುದಿಲ್ಲ. ಒಮ್ಮೆ ಸಿಡಿಲೊಂದು ಬಡಿಯುವ ಮುಂಚೆ ವಿಳಾಸ ಸರಿಯಾಗಿದೆಯೇ ಎಂದು ನನ್ನನ್ನು ವಿಚಾರಿಸಿಕೊಂಡೇ ಮುಂದೆ ಹೋಯಿತು. ಈ ಊರಿನ ಏರು, ಇಳಿವು, ಸಂದಿಗೊಂದಿ ಯಾವುದೂ ನನಗೆ ತಿಳಿಯದ್ದಲ್ಲ.

ನಂಬದವರು ಬಿಡಿ. ಕಸಿಮಿರೊ ತಾರ್ಕಿಯ ಕತೆಯನ್ನಾದರೂ ನಂಬಲೇಬೇಕು, ಏಕೆಂದರೆ ಅದರಲ್ಲಿ ನಾನು ಬೆರೆಸಿರುವುದು ಸಾರಿಗೆ ಹಾಕುವ ಉಪ್ಪಿನಷ್ಟು ಮಾತ್ರ.

ಕಸಿಮಿರೊನ ಕೆಲಸ ಕೂರುವುದು. ನಿಲ್ದಾಣದೊಳಗೆ, ನನ್ನ ಟೋಪಿ ಅಂಗಡಿಗೆ ಎದುರಾಗಿ, ಪ್ರವಾಸಿಗಳಿಗೆ ಸಲಹೆ ಕೊಡುವ ಒಂದು ಗಾಜಿನ ಗೂಡಿದೆ. ಗೂಡಿನಲ್ಲಿ ಒಂದು ಕುರ್ಚಿ. ಕುರ್ಚಿಯ ಮೇಲೆ ಕುರಿಯ ತುಪ್ಪಳ, ಕುರ್ಚಿಯ ಕೆಳಗೆ ಕಾಲು ಕಾಯಿಸುವ ಹೀಟರು. ಹೊರಗೆ ಚಳಿಗೆ ನಾಯಿಗಳ ಬೊಗಳು ಗಂಟಲಲ್ಲೇ ಹೆಪ್ಪುಗಟ್ಟಿ ಮಧ್ಯಾಹ್ನ ಕರಗಿದ ಮೇಲೆ ಕೇಳಿಸುವ ಊರಿನಲ್ಲಿ ಇದು ಸ್ವರ್ಗವೇ ಸರಿ. ಕಸಿಮಿರೊ ಅದರಲ್ಲಿ ಕುಳಿತು ಕುಳಿತು, ಅವನ ಬೆನ್ನು ಯಾವುದು ಕುರ್ಚಿಯ ಬೆನ್ನು ಯಾವುದು ಎಂದು ಹೇಳಲಾಗದಂತೆ ಬೆರೆತುಹೋಗಿದ್ದ. ಅವನ ಹೆಂಡತಿಗೆ ಪರಸ್ತ್ರೀಯರ ಮೇಲೆ ಅನುಮಾನವಿರಲಿಲ್ಲ, ಆ ಕುರ್ಚಿಯ ಮೇಲಿತ್ತು.

ನಮ್ಮೂರು ಆಕಾಶಕ್ಕೆ ಎಷ್ಟು ಹತ್ತಿರವೆಂದರೆ ದೇವದೂತರು ಸೀನಿದರೆ ನಾವು ಮುಖ ಒರೆಸಿಕೊಳ್ಳಬೇಕು. ಕೆಳಗಿನ ಸೀಮೆಯಿಂದ ಬಂದವರಿಗೆ ಗಾಳಿ ಸಾಲದೆ ತಲೆ ತಿರುಗುತ್ತದೆ. ಅಂಥವರು ಗಾಜಿನ ಮುಂದೆ ಬಂದು ನಿಂತರೆ ಕಸಿಮಿರೊ ಬೆರಳೆತ್ತಿ ಹಿರಿಯರ ಮಾತು ಹೇಳುತ್ತಿದ್ದ: “ಕೊಂಚ ತಿನ್ನಿ, ಮೆಲ್ಲಗೆ ನಡೀರಿ, ಒಬ್ರೇ ಮಲಗಿ.” ಆಮೇಲೆ, ಕೋಕಾ ಎಲೆಯ ಕಷಾಯ ಕುಡಿಯಿರಿ, ಬಿಸಿಲೆಂದು ನಂಬಿ ಕಂಬಳಿ, ಮಳೆಯಂಗಿ ಬಿಟ್ಟು ಹೋಗಬೇಡಿ, ನಮ್ಮ ಬಿಸಿಲಿಗೆ ಮಾತಿನ ಮೇಲೆ ನಿಲುವಿಲ್ಲ, ಟೋಪಿ ಇಲ್ಲದೆ ಹೊರಡಬೇಡಿ. ಟೋಪಿಯ ಮಾತು ಬಂದಾಗ ಅವನ ಬೆರಳು ನನ್ನ ಅಂಗಡಿಯ ಕಡೆ ತಿರುಗುತ್ತಿತ್ತು. ಒಳ್ಳೆಯ ಮನುಷ್ಯ.

ಇಷ್ಟೆಲ್ಲ ಆದ ಮೇಲೆ ಪ್ರವಾಸಿಗಳು ಕೇಳುವ ಕೊನೆಯ ಪ್ರಶ್ನೆ ಒಂದೇ: ಬೇರೆಯವರು ನೋಡದ ಜಾಗ ಯಾವುದಾದರೂ ಇದೆಯೇ? ಆಗ ಕಸಿಮಿರೊ ದನಿ ತಗ್ಗಿಸಿ, ಆಚೆ ಈಚೆ ನೋಡಿ, “ಸೀಟಿ ಹಾಕೋ ಕಲ್ಲಿದೆ” ಎನ್ನುತ್ತಿದ್ದ. ಗುಡ್ಡದ ಮೇಲೆ ನಿಂತ ಕಲ್ಲು, ಗಾಳಿ ಬಂದಾಗ ಸಿಳ್ಳು ಹಾಕುತ್ತದೆ, ಕೇಳಿದವರ ಜನ್ಮ ಸಾರ್ಥಕ. ಎಲ್ಲಿ ಎಂದರೆ, “ಇಲ್ಲೇ. ಎರಡು ಹೆಜ್ಜೆ.”

ಇದನ್ನು ಸುಳ್ಳು ಎನ್ನಬೇಡಿ. ನಮ್ಮೂರಿನಲ್ಲಿ ದಾರಿ ಕೇಳಿದವರಿಗೆ ‘ಗೊತ್ತಿಲ್ಲ’ ಎನ್ನುವುದು, ಮನೆಗೆ ಬಂದವರ ಮುಖದ ಮೇಲೆ ಬಾಗಿಲು ಹಾಕಿದಷ್ಟು ಕೆಟ್ಟದ್ದು. ಆದ್ದರಿಂದ ನಾವು ಕೈ ತೋರಿಸುತ್ತೇವೆ. ಯಾವ ದಿಕ್ಕಿಗೆ? ಯಾವ ಕೈಯಲ್ಲಿ ಚೀಲ ಇಲ್ಲವೋ ಆ ದಿಕ್ಕಿಗೆ. ಎಷ್ಟು ದೂರ? ಎರಡು ಹೆಜ್ಜೆ. ಬೇರೆ ಊರಿನ ಜನ ಕೂಗಳತೆ ಎನ್ನುತ್ತಾರಂತೆ. ನಮ್ಮ ಗಾಳಿಯಲ್ಲಿ ಕೂಗುವಷ್ಟು ಉಸಿರು ಎಲ್ಲಿದೆ? ಕಸಿಮಿರೊ ಆ ಕಲ್ಲನ್ನು ಕಂಡಿರಲಿಲ್ಲ. ಗೂಡಿನಲ್ಲಿ ಅವನಿಗಿಂತ ಮುಂಚೆ ಕೂರುತ್ತಿದ್ದವನು ಹೇಳುತ್ತಿದ್ದ, ಇವನೂ ಹೇಳುತ್ತಿದ್ದ. ಹೋದವರು ಯಾರೂ ತಿರುಗಿ ಬಂದು ದೂರು ಕೊಟ್ಟಿರಲಿಲ್ಲ. ತಿರುಗಿ ಬಂದರೇ ಇಲ್ಲವೇ ಎಂದು ಅವನೂ ವಿಚಾರಿಸಿರಲಿಲ್ಲ.

ಗ್ರಹಚಾರ ಹಿಡಿದದ್ದು ಒಬ್ಬಾಕೆ ತಿರುಗಿ ಬಂದದ್ದರಿಂದ.

ಅವತ್ತು ಬೆಳಗ್ಗೆ ಕಸಿಮಿರೊ ಹೀಟರಿಗೆ ಕಾಲು ಚಾಚಿ ಅರೆಗಣ್ಣಾಗಿದ್ದ. ಅವನ ಹಿಂದೆ ಹೊಸದಾಗಿ ಬಂದ ಮೇಲಧಿಕಾರಿ ನಿನೋಸ್ಕಾ ವಿಯೆಗಾಸ್ ನಿಂತು ಗೂಡನ್ನು ತಪಾಸಣೆ ಮಾಡುತ್ತಿದ್ದಳು. ಆಕೆಯನ್ನು ಎಲ್ಲರೂ ‘ಲಿಸೆನ್ಸಿಯಾದಾ’ ಎನ್ನುತ್ತಿದ್ದರು. ಹಾಗೆಂದರೆ ಪದವೀಧರೆ. ನಮ್ಮಲ್ಲಿ ಮೇಜಿನ ಹಿಂದೆ ಕುಳಿತವರನ್ನು ಹಾಗೆ ಕರೆಯದಿದ್ದರೆ ಅವರಿಗೆ ಕಿವಿ ಕೇಳಿಸುವುದಿಲ್ಲ.

ಗಾಜಿನ ಮೇಲೆ ಟಕಟಕ ಸದ್ದಾಯಿತು. ಹೊರಗೆ ಬೆಳ್ಳಿ ಕೂದಲಿನ, ಬೆತ್ತದಂತೆ ನೆಟ್ಟಗಿನ ಮುದುಕಿ. ಸ್ವಿಟ್ಜರ್ಲೆಂಡಿನ ಉರ್ಸುಲಾ. ನಮ್ಮ ಭಾಷೆಯನ್ನು ಶಾಲೆಯಲ್ಲಿ ಕಲಿತವಳು. ಬಾಯಿ ತೆರೆದರೆ ವ್ಯಾಕರಣವೇ ಇಸ್ತ್ರಿ ಹಾಕಿಕೊಂಡು ಹೊರಗೆ ಬರುತ್ತಿತ್ತು.

“ಮಾನ್ಯರೆ, ನಿನ್ನೆ ತಾವು ಸೂಚಿಸಿದಂತೆ ನಾನು ಸೀಟಿ ಹಾಕುವ ಕಲ್ಲನ್ನು ಅರಸಿಕೊಂಡು ಹೋದೆನು. ತಾವು ಎರಡು ಹೆಜ್ಜೆ ಎಂದಿರಿ. ನಾನು ಸೂರ್ಯಾಸ್ತದವರೆಗೂ ಹೆಜ್ಜೆ ಹಾಕಿದೆನು. ಕಲ್ಲು ದೊರೆಯಲಿಲ್ಲ. ತಪ್ಪು ನನ್ನದೇ ಇರಬೇಕು.”

ಕಸಿಮಿರೊನ ನಿದ್ದೆ ಹಾರಿ ಚಾವಣಿಗೆ ಅಂಟಿಕೊಂಡಿತು.

“ನೀವು ಆ ಮೂಲೇಲಿ ಎಡಕ್ಕೆ ತಿರುಗಿದ್ರಾ, ಬಲಕ್ಕೆ ತಿರುಗಿದ್ರಾ ಅಮ್ಮಾವ್ರೆ?”

“ಎಡಕ್ಕೆ.”

“ಅದೇ ನೋಡಿ ಎಡವಟ್ಟಾಗಿದ್ದು! ಬಲಕ್ಕೆ ತಿರುಗ್ಬೇಕಿತ್ತು.”

“ತಾವು ಎಡಕ್ಕೆ ಎಂದು ಹೇಳಿದ್ದಿರಿ.”

“ಅದು ನಿನ್ನೆ ಮಾತು,” ಎಂದ ಕಸಿಮಿರೊ.

ನಿನೋಸ್ಕಾ ಮುಂದೆ ಬಂದಳು. “ಡೋನ್ ಕಸಿಮಿರೊ, ಆ ಕಲ್ಲನ್ನ ನೀವು ಕಣ್ಣಾರೆ ನೋಡಿದೀರಾ?”

“ನೋಡಿದೀನಾ! ಏನ್ ಕೇಳ್ತೀರಿ ಲಿಸೆನ್ಸಿಯಾದಾ! ನಾನು ಅದರ ತೊಡೆ ಮೇಲೆ ಆಡಿ ಬೆಳೆದೋನು.”

“ಒಳ್ಳೇದೇ ಆಯ್ತು. ಎದ್ದೇಳಿ. ಈ ಅಮ್ಮನ್ನ ಕರ್ಕೊಂಡ್ಹೋಗಿ ತೋರ್ಸ್ಕೊಂಡ್ ಬನ್ನಿ.”

“ನಾನಾ? ಈಗ್ಲಾ? ಇಲ್ಲಿ ಕುರ್ಚಿ… ಅಂದ್ರೆ ಗೂಡು ಖಾಲಿ ಆಗುತ್ತಲ್ಲ…”

“ಗೂಡು ನಾನು ನೋಡ್ಕೋತೀನಿ. ಒಂದು ಮಾತು ಕೇಳಿ. ತಾವೇ ಕಾಣದ ಜಾಗಕ್ಕೆ ಜನಾನ ಕಳ್ಸೋರು ಈ ಕುರ್ಚೀಲಿ ಕೂರೋದು ನಂಗೆ ಒಗ್ಗೋದಿಲ್ಲ. ಸಾಯಂಕಾಲದ ಒಳಗೆ ಈ ಅಮ್ಮ ಬಂದು ‘ಕಲ್ಲು ನೋಡ್ದೆ’ ಅಂದ್ರೆ ಕುರ್ಚಿ ನಿಮ್ದು. ಇಲ್ಲಾಂದ್ರೆ ಮೇಲಿನೂರಿನ ಗೋದಾಮಿನಲ್ಲಿ ಹಳೇ ನಕ್ಷೆಗಳ ಧೂಳು ಹೊಡೆಯೋ ಕೆಲಸ ಖಾಲಿ ಇದೆ. ನಿಂತ್ಕೊಂಡು ಮಾಡೋ ಕೆಲಸ.”

‘ನಿಂತ್ಕೊಂಡು’ ಎಂಬ ಮಾತಿಗೆ ಕಸಿಮಿರೊನ ಬೆನ್ನು ಕುರ್ಚಿಯಿಂದ ಕಿತ್ತುಬಂದ ಸದ್ದು ನನ್ನ ಅಂಗಡಿಯವರೆಗೂ ಕೇಳಿಸಿತು. ನನ್ನ ಟೋಪಿಗಳಿಗೆ ಚಾದರ ಹೊದಿಸಿ ನಾನೂ ಹೊರಟೆ. ಇಂಥ ಮಹಾಯಾತ್ರೆಗೆ ಒಬ್ಬ ಸಾಕ್ಷಿ ಬೇಡವೆ?

ನಿಲ್ದಾಣದ ಹೊರಗೆ ಮೂಲೆಯಲ್ಲಿ ಡೋನ್ಯಾ ಹಿಲಾರಿಯಾಳ ಸಾಲ್ತೆನ್ಯಾ ಗಾಡಿ. ಗಂಡಸರಿಗೆ ಡೋನ್, ಹೆಂಗಸರಿಗೆ ಡೋನ್ಯಾ, ನಮ್ಮಲ್ಲಿ ಮರ್ಯಾದೆಯ ಮಾತು. ಗುಂಡು ಟೋಪಿ, ಒಂದರ ಮೇಲೊಂದು ಉಟ್ಟ ಲಂಗಗಳು. ಆಕೆ ತಿರುಗಿದರೆ ಲಂಗಗಳು ಆಮೇಲೆ ನಿಧಾನವಾಗಿ ತಿರುಗುತ್ತಿದ್ದವು. ಸಾಲ್ತೆನ್ಯಾ ತಿನ್ನುವುದೆಂದರೆ ವಿದ್ಯೆ. ದೋಣಿಯಂಥ ಕಡುಬಿನ ಹೊಟ್ಟೆಯೊಳಗೆ ಮಾಂಸದ ಜೊತೆ ಕುದಿಯುವ ಸಾರು ತುಂಬಿರುತ್ತದೆ. ನೆಟ್ಟಗೆ ಹಿಡಿದು, ತುದಿ ಕಚ್ಚಿ, ಸಾರು ಹೀರಿ, ಆಮೇಲೆ ತಿನ್ನಬೇಕು. ತೊಟ್ಟು ಚೆಲ್ಲಿದರೂ ನೋಡಿದವರು ನಗುತ್ತಾರೆ. ಇದನ್ನು ಉರ್ಸುಲಾಗೆ ಹಿಂದಿನ ದಿನ ಕಲಿಸಿದವನು ಕಸಿಮಿರೊನೇ. ಆಕೆ ಕಲಿತಂತೆಯೇ ತಿಂದಳು; ಕೈಗವಸಿನ ಮೇಲೂ ಕಲೆಯಿಲ್ಲ. ಗುರು ಮಾತ್ರ ಚಿಂತೆಯಲ್ಲಿ ಅಡ್ಡ ಹಿಡಿದು ಕಚ್ಚಿದ್ದರಿಂದ, ಸಾರು ಅವನ ಟೈ, ಅಂಗಿ, ಬೂಟುಗಳನ್ನು ಸಂದರ್ಶಿಸಿ, ಅಲ್ಲೇ ಮಲಗಿದ್ದ ನಾಯಿಯ ಮೇಲೆ ಇಳಿಯಿತು. ನಾಯಿ ಎದ್ದು ಕುಳಿತು, ತನ್ನನ್ನೇ ನೆಕ್ಕಿಕೊಂಡು, ನಮಗೆ ಬಾಲ ಅಲ್ಲಾಡಿಸಿತು. ಆ ದಿನ ಕಸಿಮಿರೊನಿಂದ ಉಪಕಾರವಾದದ್ದು ಅದೊಂದಕ್ಕೇ.

ಉರ್ಸುಲಾ ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಅವನು ಗಾಡಿಯ ಹಿಂದೆ ಬಗ್ಗಿ ಪಿಸುಗುಟ್ಟಿದ: “ಡೋನ್ಯಾ ಹಿಲಾರಿಯಾ, ಆ ಸೀಟಿ ಹಾಕೋ ಕಲ್ಲು ಎಲ್ಲಿ ಬರುತ್ತೆ?”

“ಏನು? ಸೀಟಿ ಹಾಕೋ ಕಲ್ಲಾ?” ಆಕೆಯ ಪಿಸುಮಾತೇ ಬೇರೆಯವರ ಕೂಗು.

“ಮೆಲ್ಲಗೆ ಮಾರಾಯ್ತಿ!”

“ಊರಿಗೆಲ್ಲ ದಾರಿ ಹೇಳೋರು ನನ್ನ ಕೇಳ್ತಿದೀರಲ್ಲ ಕಸೆರೊ!” ದಿನಾ ಬಂದು ತಿನ್ನುವ ಗಿರಾಕಿಯನ್ನು ನಮ್ಮ ವ್ಯಾಪಾರದ ಹೆಂಗಸರು ಹಾಗೆಯೇ ಕರೆಯುವುದು, ಅದರಲ್ಲಿ ಪ್ರೀತಿಯೂ ಇದೆ, ಹಿಡಿತವೂ ಇದೆ. ಆಕೆಯ ಕಣ್ಣು ಒಂದು ಸಲ ಆಕಾಶ ನೋಡಿತು, ಒಂದು ಸಲ ಗಾಡಿ ನೋಡಿತು. “ಅದೇ… ತಂತಿ ಬಂಡಿ ಹತ್ತಿ ಮೇಲಕ್ಕೆ ಹೋದ್ರೆ ಅಲ್ಲೇ. ಎರಡು ಹೆಜ್ಜೆ.”

“ನೀವು ನೋಡಿದೀರಾ?”

“ನನ್ನ ನಾದಿನಿ ಗಂಡ ನೋಡಿದಾನೆ. ಅವನು ನೋಡಿದ್ರೇನು, ನಾನು ನೋಡಿದ್ರೇನು? ಹೆಂಗೂ ಸಾಲ್ತೆನ್ಯಾ ಮುಗೀತು, ನಡೀರಿ, ನಾನೇ ಬರ್ತೀನಿ. ನಿಮ್ಮೊಬ್ರನ್ನೇ ಬಿಟ್ರೆ ಆ ಮುದುಕಮ್ಮನ್ನ ಪೆರು ದೇಶಕ್ಕೆ ಸಾಗಿಸಿ ಬರ್ತೀರಿ.”

ಮುಂದಿನ ಬೀದಿಯಲ್ಲಿ ಮೆರವಣಿಗೆ. ನಮ್ಮೂರಿನಲ್ಲಿ ಮೆರವಣಿಗೆಯಿಲ್ಲದ ದಿನವೆಂದರೆ, ಮೆರವಣಿಗೆ ಏಕಿಲ್ಲವೆಂದು ಪ್ರತಿಭಟಿಸಿ ಜನ ಮೆರವಣಿಗೆ ತೆಗೆಯುವ ದಿನ. ಮುಂದೆ ಬಾವುಟ, ಹಿಂದೆ ವಾದ್ಯ, ಕೊನೆಗೆ ಬೋಗುಣಿಯಂಥ ಬಾಯಿಯ ತೂಬಾ ಕಹಳೆ ಹೊತ್ತ ಡೋನ್ ಸತುರ್ನಿನೊ. ಪಟಾಲಮ್ಮಿನ ವಾದ್ಯದಲ್ಲಿದ್ದು ನಿವೃತ್ತನಾದವನು. ಅವನ ಮೀಸೆ ಇನ್ನೂ ಕರ್ತವ್ಯದ ಮೇಲಿತ್ತು.

“ಎಲ್ಲಿಗೆ ದಂಡು?” ಎಂದು ಅವನು ತೂಬಾದೊಳಗಿಂದಲೇ ಕೇಳಿದ.

“ಸೀಟಿ ಹಾಕೋ ಕಲ್ಲಿಗೆ, ಮೇಲಕ್ಕೆ,” ಎಂದಳು ಹಿಲಾರಿಯಾ.

“ಮೇಲಕ್ಕಾ? ಯಾರ್ರೀ ಹೇಳಿದ್ದು ಮೇಲಕ್ಕೆ ಅಂತ? ಕೆಳಗೆ! ನಮ್ಮ ದಳ ಅಲ್ಲಿ ಡೇರೆ ಹಾಕಿತ್ತು. ಎರಡು ಹೆಜ್ಜೆ. ಬನ್ನಿ ನನ್ನ ಹಿಂದೆ!”

“ನಿಮ್ಮ ದಳ ಅಡುಗೆಮನೆ ಬಿಟ್ಟು ಬೇರೆಲ್ಲೂ ಡೇರೆ ಹಾಕಿರ್ಲಿಲ್ಲ ಅಂತ ಊರಿಗೇ ಗೊತ್ತು!”

“ಬಾಯಿ ಮುಚ್ಚಮ್ಮ. ಗಾಡಿ ತಳ್ಳೋರಿಗೆ ದಿಕ್ಕು ಏನ್ ಗೊತ್ತು?”

“ಉರ್ಸುಲಮ್ಮ, ನೀವೇ ಹೇಳಿ, ಈ ಕೊಳವೆ ಹೊತ್ತಿರೋ ಮನುಷ್ಯನ್ನ ನಂಬ್ತೀರಾ?”

“ನಾನು ಸರ್ವರನ್ನೂ ನಂಬುತ್ತೇನೆ,” ಎಂದಳು ಉರ್ಸುಲಾ ಸಂತೋಷದಿಂದ. ಕಸಿಮಿರೊ ಮಫ್ಲರಿನಲ್ಲಿ ಮುಖ ಹುದುಗಿಸಿಕೊಂಡ. ಅನುಮಾನಿಸುವವರನ್ನು ನಿಭಾಯಿಸಬಹುದು, ನಂಬುವವರನ್ನು ಏನು ಮಾಡುವುದು?

ಹೀಗಾಗಿ ಮೊದಲು ಕೆಳಕ್ಕೆ ಹೋದರು. ಮಿನಿಬಸ್ಸಿನಲ್ಲಿ ತೂಬಾಕ್ಕೊಂದು ಸೀಟು, ಹಿಲಾರಿಯಾಳ ಲಂಗಗಳಿಗೊಂದು ಸೀಟು. ಕಸಿಮಿರೊ ಸತುರ್ನಿನೊನ ತೊಡೆಯ ಮೇಲೆ. ಕಲ್ಲಿನ ಮಾತು ಬಂದದ್ದೇ ತಡ, ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಕೈ ಹೊರಗೆ ಚಾಚಿ ಒಂದೊಂದು ದಿಕ್ಕು ತೋರಿಸಿದರು. ಹೊರಗಿನಿಂದ ನೋಡಿದವರಿಗೆ ಬಸ್ಸಿಗೆ ಮುಳ್ಳು ಬಂದಂತೆ ಕಾಣುತ್ತಿತ್ತು. ಡ್ರೈವರೂ ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ತೋರಿಸಿದ. ಒಬ್ಬನೂ, ನಮ್ಮೂರಿನ ಮಾನ ಉಳಿಯಲಿ, ಗೊತ್ತಿಲ್ಲ ಎನ್ನಲಿಲ್ಲ.

ಸತುರ್ನಿನೊನ ದಳ ಡೇರೆ ಹಾಕಿದ್ದ ಜಾಗದಲ್ಲಿ ಈಗ ಕಾರು ತೊಳೆಯುತ್ತಿದ್ದರು. “ಕಲ್ಲನ್ನ ಮೇಲಕ್ಕೆ ಸಾಗಿಸಿರ್ಬೇಕು,” ಎಂದ ಅವನು, ಒಂದಿಷ್ಟೂ ಅಳುಕದೆ.

“ನಾನೇನಂದಿದ್ದೆ?” ಎಂದಳು ಹಿಲಾರಿಯಾ.

ಆಮೇಲೆ ತಂತಿ ಬಂಡಿ. ಆಕಾಶದಲ್ಲಿ ತಂತಿಗೆ ಜೋತುಬಿದ್ದು ಸಾಗುವ ಗಾಜಿನ ಪೆಟ್ಟಿಗೆಯದು. ಕೆಳಗೆ ಊರೆಲ್ಲ ಒಣಹಾಕಿದ ಬಟ್ಟೆಯಂತೆ ಕಾಣುತ್ತದೆ. ಕಸಿಮಿರೊ ಜೀವಮಾನದಲ್ಲಿ ಅದನ್ನು ಹತ್ತಿರಲಿಲ್ಲ. ‘ಅದ್ಭುತ ಅನುಭವ, ತಪ್ಪಿಸ್ಕೋಬೇಡಿ’ ಎಂದು ಸಲಹೆ ಮಾತ್ರ ಕೊಟ್ಟಿದ್ದ. ಪೆಟ್ಟಿಗೆ ನೆಲ ಬಿಟ್ಟದ್ದೇ ಅವನು ಕಣ್ಣು ಮುಚ್ಚಿ ತೂಬಾವನ್ನು ತಬ್ಬಿಕೊಂಡ.

“ಮಾನ್ಯರೆ, ಆ ಎದುರಿಗೆ ಕಾಣುವುದು ಯಾವ ಶಿಖರ?” ಎಂದಳು ಉರ್ಸುಲಾ.

“ಇಲ್ಲಿಮಾನಿ. ಎಂಥ ಗಾಂಭೀರ್ಯ ನೋಡಿ!” ಎಂದ ಕಣ್ಣು ತೆರೆಯದೆ.

ಅದು ಒಂದು ಶಾಲೆಯ ನೀರಿನ ತೊಟ್ಟಿ.

ಮೇಲಿನ ನಿಲ್ದಾಣದಿಂದ ಗುಡ್ಡದ ದಾರಿ. ಅಲ್ಲಿಗೆ ಸಾಲ್ತೆನ್ಯಾದ ಶಕ್ತಿ ಮುಗಿದಿತ್ತು. ಉರ್ಸುಲಾ ಮೆಲ್ಲಗೆ, ಮೂಗಿನಲ್ಲಿ ಉಸಿರಾಡುತ್ತ, ಒಂದೇ ಲಯದಲ್ಲಿ ಗಡಿಯಾರದ ಹಾಗೆ ಹತ್ತಿದಳು. ಹಿಲಾರಿಯಾ ಲಂಗ ಎತ್ತಿ ಹಿಡಿದು, ನಮ್ಮ ಗುಡ್ಡಗಳಲ್ಲಿ ಹೊರೆ ಹೊರುವ ಲಾಮಾ ಪ್ರಾಣಿಯ ಹಾಗೆ ಹತ್ತಿದಳು. ಸತುರ್ನಿನೊ ತಾನೇ ‘ಎಡ, ಬಲ’ ಕೂಗಿಕೊಂಡು ಹತ್ತಿದ. ನಮ್ಮ ಕಸಿಮಿರೊ? ಈ ಎತ್ತರದಲ್ಲೇ ಹುಟ್ಟಿ, ಈ ಗಾಳಿಯನ್ನೇ ಕುಡಿದು ಬೆಳೆದವನಿಗೆ, ಯಾವುದೋ ಸಮುದ್ರ ತೀರದಿಂದ ನಿನ್ನೆ ಬಂದಿಳಿದವನ ಹಾಗೆ ತಲೆ ತಿರುಗಿತು! ಮುಖ ಬೀಟ್‌ರೂಟಾಯಿತು, ಆಮೇಲೆ ಹಸಿರಾಯಿತು. ಅಂಗಿಯ ಹಳದಿ ಸಾರಿನ ಕಲೆಯೂ ಸೇರಿ ನಮ್ಮ ದೇಶದ ಬಾವುಟವೇ ಗುಡ್ಡ ಹತ್ತಿದಂತೆ ಕಂಡಿತು.

“ಹೆಂಗಸರ ಮುಂದೆ ಮಾನ ಕಳೀಬೇಡ ಮಾರಾಯ!” ಎಂದ ಸತುರ್ನಿನೊ. “ಊರಲ್ಲೇ ಹುಟ್ಟಿದೋನಿಗೆ ಊರಿನ ಎತ್ತರ ತಲೆಗೇರಿದ್ದನ್ನ ನಾನು ಇವತ್ತೇ ಕಂಡಿದ್ದು. ಮೀನು ನೀರಲ್ಲಿ ಮುಳುಗಿ ಸತ್ತ ಹಾಗೆ!”

ಉರ್ಸುಲಾ ತನ್ನ ಚೀಲದಿಂದ ಕೋಕಾ ಎಲೆ ತೆಗೆದು ಅವನ ಕೆನ್ನೆಗೆ ತುರುಕಿದಳು. “ಕೊಂಚ ತಿನ್ನಿರಿ, ಮೆಲ್ಲಗೆ ನಡೆಯಿರಿ ಎಂದು ತಾವೇ ಬೋಧಿಸಿದ್ದಿರಿ. ಮೂರನೆಯದು—”

“ಮೂರನೇದು ಬೇಡ ಅಮ್ಮಾವ್ರೆ… ಈಗ… ಯಾರ ಜೊತೆ ಬೇಕಾದ್ರೂ… ಮಲಗಿಬಿಡ್ತೀನಿ…”

ಅಷ್ಟರಲ್ಲಿ ಬಿಸಿಲು ಮಾತು ತಪ್ಪಿತು. ಆಲಿಕಲ್ಲು ಸುರಿಯಿತು. ಒಂದೊಂದು ಆಲಿಕಲ್ಲು ಒಂದೊಂದು ಆಲೂಗಡ್ಡೆ. ಬೇಕಿದ್ದವರು ಹೆಚ್ಚಿ ಸಾರು ಮಾಡಬಹುದಿತ್ತು. ಉರ್ಸುಲಾ ಮಡಚಿದ್ದ ಮಳೆಯಂಗಿ ಬಿಡಿಸಿ ಹಾಕಿಕೊಂಡಳು, ಕಸಿಮಿರೊನ ಸಲಹೆಯಂತೆ. ಕಸಿಮಿರೊ ಕಂಬಳಿಯನ್ನು ಕುರ್ಚಿಗೆ ಹೊದಿಸಿ ಬಂದಿದ್ದ. ತೂಬಾ ಅವನ ತಲೆಗೆ ಕೊಡೆಯಾಯಿತು. ಆಲಿಕಲ್ಲು ಅದರ ಬೆನ್ನಿಗೆ ಬಡಿದು ಒಳಗೆಲ್ಲ ಚರ್ಚಿನ ಗಂಟೆ ಮೊಳಗಿತು. ಕೊನೆಗೆ ಮುದುಕಿ ಅವನ ಮಫ್ಲರಿನ ತುದಿ ಹಿಡಿದು, ಹರಕೆಯ ಕುರಿಯ ಹಾಗೆ ಗುಡ್ಡದ ನೆತ್ತಿಗೆ ಎಳೆದೊಯ್ದಳು.

ನೆತ್ತಿಯ ಮೇಲೆ ಏನಿತ್ತು? ಒಂದು ಮುರಿದ ಗೋಲ್ ಕಂಬ, ಮೇಯುವ ಎರಡು ಲಾಮಾ, ಮಧ್ಯದಲ್ಲಿ ಆಳೆತ್ತರದ ಒಂದು ಸಾಧಾರಣ ಬಂಡೆ. ಗಾಳಿ ಸತ್ತಿತ್ತು. ಬಂಡೆ ತೆಪ್ಪಗಿತ್ತು. ಲಾಮಾಗಳು ಇವರನ್ನು ನೋಡಿ, ನೋಡಲು ಯೋಗ್ಯರಲ್ಲವೆಂದು ತಲೆ ತಿರುಗಿಸಿದವು.

“ಮಾನ್ಯರೆ,” ಎಂದಳು ಉರ್ಸುಲಾ, ಮಗುವಿನಂತೆ ಕಣ್ಣರಳಿಸಿ, “ಇದೇ ಕಲ್ಲೋ?”

ಹಿಲಾರಿಯಾ ಕಸಿಮಿರೊನನ್ನು ನೋಡಿದಳು. ಸತುರ್ನಿನೊ ಕಸಿಮಿರೊನನ್ನು ನೋಡಿದ. ಎಲ್ಲರಿಗೂ ಕೈ ತೋರಿಸಲು ಬೇಕಾದಷ್ಟು ದಿಕ್ಕುಗಳಿದ್ದವು, ಆದರೆ ಗುಡ್ಡದ ನೆತ್ತಿಯಿಂದ ಇನ್ನು ಮೇಲಕ್ಕೆ ಹೋಗಲು ದಾರಿಯಿರಲಿಲ್ಲ.

ಕಸಿಮಿರೊ ಬಂಡೆಗೆ ಬೆನ್ನು ಕೊಟ್ಟು ಕುಸಿದ. ಕಣ್ಣ ಮುಂದೆ ಕುರ್ಚಿ, ಕುರಿಯ ತುಪ್ಪಳ, ಹೀಟರು ಒಂದೊಂದಾಗಿ ಬಂದು ವಿದಾಯ ಹೇಳಿದವು. ಇಷ್ಟು ನಂಬಿದ ಹೆಂಗಸಿಗೆ ಇನ್ನೊಂದು ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ. ನಮ್ಮೂರಿನ ಇತಿಹಾಸದಲ್ಲಿ ಯಾರೂ ಹೇಳದ ಮಾತನ್ನು ಹೇಳಿಯೇ ಬಿಡುತ್ತೇನೆಂದು ಬಾಯಿ ತೆರೆದ.

“ಅಮ್ಮಾವ್ರೆ… ನಂಗೆ… ನಂಗೆ…”

ಮಾತಿನ ಬದಲು, ಎದೆಯ ಗೂಡಿನೊಳಗೆ, ವರ್ಷಗಟ್ಟಲೆ ಕುರ್ಚಿಗೆ ಒತ್ತಿಕೊಂಡು ಮಡಚಿಹೋಗಿದ್ದ ಯಾವುದೋ ಮೂಲೆಯಿಂದ, ಉಸಿರು ದಾರಿ ಹುಡುಕಿಕೊಂಡು ಹೊರಟಿತು: “ಸುಯ್ಯ್… ಪೀಂ… ಪೀಈಂ…”

ಎಲ್ಲರೂ ಕಲ್ಲಾದರು.

ಉರ್ಸುಲಾ ಟೋಪಿ ತೆಗೆದು ಬಂಡೆಯ ಆಚೆ ಬದಿಗೆ ಕಿವಿ ಇಟ್ಟಳು. ಅದೇ ಹೊತ್ತಿಗೆ ಬಂಡೆಯ ಈಚೆ ಬದಿಯಲ್ಲಿ ಕಸಿಮಿರೊ ಮತ್ತೆ ಉಸಿರೆಳೆದ. “ಪೀಈಂ…”

“ಹಾಡು!” ಎಂದಳು ಆಕೆ. ಕಣ್ಣಲ್ಲಿ ನೀರು. “ಆಲಿಸಿರಿ! ಕಲ್ಲು ಹಾಡುತ್ತಿದೆ!”

ಹಿಲಾರಿಯಾ ತಟ್ಟನೆ ಮಂಡಿಯೂರಿ, ಲಂಗದ ಮಡಿಕೆಯಿಂದ ಸಾರಾಯಿಯ ಪುಟ್ಟ ಸೀಸೆ ತೆಗೆದು ಭೂತಾಯಿಗೆ ಒಂದು ಗುಟುಕು ಎರೆದಳು, ತನಗೆರಡು ಎರೆದುಕೊಂಡಳು. “ನನ್ನ ನಾದಿನಿ ಗಂಡ ಹೇಳಿದ್ದು ಇದೇ ಕಲ್ಲು! ನಾನೂ ಎಲ್ಲೋ ಸುಳ್ಳು ಹೇಳ್ತಾನೆ ಅಂದ್ಕೊಂಡಿದ್ದೆ!”

“ಇದೇ ಸ್ವರ,” ಎಂದ ಸತುರ್ನಿನೊ ಮೀಸೆ ಸವರಿ. “ನಮ್ಮ ದಳಕ್ಕೆಲ್ಲ ಕೇಳಿಸ್ತಿತ್ತು.” ತೂಬಾದ ಮೇಲಿನ ಆಲಿಕಲ್ಲು ಕೊಡವಿ, ಕಲ್ಲಿನ ಜೊತೆ ಶ್ರುತಿ ಕೂಡಿಸಿದ.

ಕಸಿಮಿರೊ ಹೆದರಿ ಉಸಿರು ಬಿಗಿಹಿಡಿದ. ಕಲ್ಲು ನಿಂತಿತು. “ಅಯ್ಯೋ, ಮುನಿಸಿಕೊಂಡಿತು!” ಎಂದಳು ಉರ್ಸುಲಾ. ಎಷ್ಟೆಂದು ಹಿಡಿದಾನು? ಮುಖ ನೀಲಿಯಾಗಿ ಒಮ್ಮೆಲೇ ಬಿಟ್ಟ. ಈ ಸಲ ಎರಡು ಸ್ವರ ಒಟ್ಟಿಗೆ ಬಂದವು. ಲಾಮಾಗಳೂ ಹತ್ತಿರ ಬಂದು ನಿಂತು ಕೇಳಿದವು. ನಿಜ ಹೇಳಲು ಬಾಯಿ ತೆರೆದವನು ಬಾಯಿ ಮುಚ್ಚಿಕೊಂಡ. ಸತ್ಯ ಹೇಳಲು ಉಸಿರು ಬೇಕು, ಉಸಿರನ್ನು ಕಲ್ಲಿಗೆ ಕೊಟ್ಟಾಗಿತ್ತು.

ಸಂಜೆ ಗೂಡಿನ ಮುಂದೆ ಉರ್ಸುಲಾ ನಿನೋಸ್ಕಾಳ ಎರಡೂ ಕೈ ಹಿಡಿದುಕೊಂಡಳು. “ನನ್ನ ದೇಶದ ಪರ್ವತಗಳೆಲ್ಲವೂ ಮೂಕವಾಗಿವೆ. ಈ ಮಹನೀಯರು ನನಗೆ ಮಾತನಾಡುವ ಗುಡ್ಡವನ್ನು ತೋರಿಸಿದರು.” ವಸತಿಗೃಹದಲ್ಲಿದ್ದ ತನ್ನ ಜೊತೆಯವರನ್ನೂ ಕರೆತಂದಿದ್ದಳು. ಆಕೆಯ ಹಿಂದೆ ಬೆನ್ನಚೀಲಗಳ ಸಾಲು ನಿಲ್ದಾಣದ ಬಾಗಿಲು ದಾಟಿ, ಬೀದಿ ದಾಟಿ, ನನ್ನ ಅಂದಾಜಿನಲ್ಲಿ ಅರ್ಜೆಂಟೀನಾದವರೆಗೂ ಹೋಗಿತ್ತು.

“ಮಾತು ಅಂದ್ರೆ ಮಾತು,” ಎಂದಳು ನಿನೋಸ್ಕಾ. “ಕುರ್ಚಿ ನಿಮ್ದೇ, ಡೋನ್ ಕಸಿಮಿರೊ.”

ಕಸಿಮಿರೊ ತೆವಳಿಕೊಂಡು ಹೋಗಿ ಕುರ್ಚಿಯಲ್ಲಿ ಇಳಿದ. ಹಾ… ಎಂದ. ಕಣ್ಣು ಮುಚ್ಚಿದ.

“ಆದ್ರೆ ಕೂರೋಕೆ ನಿಮಗೆ ಪುರುಸೊತ್ತು ಎಲ್ಲಿರುತ್ತೆ?” ಎಂದು ಆಕೆ ಮುಂದುವರಿಸಿದಳು. “ಇವರೆಲ್ಲ ಕಲ್ಲು ನೋಡ್ಬೇಕಂತೆ. ನಾಳೆಯಿಂದ ಬೆಳಗ್ಗೆ ಒಂದು ತಂಡ, ಮಧ್ಯಾಹ್ನ ಒಂದು ತಂಡ. ನೀವೇ ಕರ್ಕೊಂಡ್ ಹೋಗ್ತೀರಿ.”

“ಬೇರೆ ಯಾರಾದ್ರೂ ಹೋಗ್ಲಿ ಲಿಸೆನ್ಸಿಯಾದಾ! ಸತುರ್ನಿನೊ ಹೋಗ್ಲಿ! ಕಲ್ಲು ಅಲ್ಲೇ ಇರುತ್ತೆ!”

ಸತುರ್ನಿನೊ ಹೋಗಿಯೂ ಬಂದ, ಮಾರನೆಯ ದಿನವೇ. ಕಲ್ಲು ತುಟಿ ಬಿಚ್ಚಲಿಲ್ಲ. ಕಸಿಮಿರೊ ಹೋದ, ಕಲ್ಲು ಕೋಗಿಲೆಯಾಯಿತು. ‘ಅದಕ್ಕೆ ನಿಮ್ಮ ಮೇಲೆ ಪ್ರೀತಿ, ಕಸೆರೊ’ ಎಂದಳು ಹಿಲಾರಿಯಾ. ಆಕೆ ಗಾಡಿಯನ್ನೇ ಗುಡ್ಡದ ಮೇಲಕ್ಕೆ ಸಾಗಿಸಿಬಿಟ್ಟಿದ್ದಳು. ಈಗ ಇನ್ನೊಂದು ಸಂಕಟ. ದಿನಾ ಗುಡ್ಡ ಹತ್ತಿ ಕಸಿಮಿರೊನ ಎದೆ ತಿದಿಯಂತೆ ಗಟ್ಟಿಯಾಗಿದೆ, ಹೊಟ್ಟೆ ಕರಗಿದೆ, ಉಸಿರು ಸದ್ದೇ ಮಾಡುವುದಿಲ್ಲ. ಆದ್ದರಿಂದ ತಂಡ ಬರುವ ಮುಂಚೆಯೇ ಓಡಿಹೋಗಿ ಗುಡ್ಡವನ್ನು ಎರಡು ಸಲ ಹತ್ತಿಳಿದು ದಣಿದುಕೊಳ್ಳುತ್ತಾನೆ. ಕುರ್ಚಿ ಅವನದೇ. ಅದರಲ್ಲಿ ಕೂರುವವನು ಮಾತ್ರ ಬೇರೆ.

ಬೇರೆ ಯಾರು? ಖಾಲಿ ಗೂಡಿನ ಮುಂದೆ ನಿಂತು ನಿನೋಸ್ಕಾ, “ಈ ಊರು ಚೆನ್ನಾಗಿ ಬಲ್ಲೋರು ಯಾರಾದ್ರೂ ಇದೀರಾ?” ಎಂದು ಕೇಳಿದಾಗ ಎದುರಿಗೇ ಇದ್ದವನು ನಾನಲ್ಲವೆ? ಕುರಿಯ ತುಪ್ಪಳ ನಿಜಕ್ಕೂ ಬೆಚ್ಚಗಿದೆ.

ಇವತ್ತು ಮಧ್ಯಾಹ್ನ ಗಾಜಿನ ಮುಂದೆ ಒಬ್ಬ ಹುಡುಗಿ ಬಂದಳು. ಚಿಲಿ ದೇಶದವಳು, ಬೆನ್ನ ಮೇಲೆ ತನ್ನಷ್ಟೇ ದೊಡ್ಡ ಚೀಲ. ಏನೋ ಕೇಳಿದಳು. ನಾನು ಹದ್ದುಗಳಿಂದ ಶುರುಮಾಡಿ ಈ ಕತೆಯನ್ನೆಲ್ಲ ಹೀಗೆಯೇ ಹೇಳಿದೆ. ಚೆನ್ನಾಗಿ ನಕ್ಕಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

“ಒಂದು ಅನುಮಾನ ಸಾರ್. ಸಿಳ್ಳು ಬಂದಿದ್ದು ಅವರ ಎದೆಯಿಂದ ಅಂತ ಪಕ್ಕದಲ್ಲೇ ಇದ್ದ ಮೂರು ಜನಕ್ಕೇ ಗೊತ್ತಾಗ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?”

“ನಾನೂ ಅಲ್ಲೇ ಇದ್ದೆನಲ್ಲಮ್ಮ…”

“ಗುಡ್ಡದ ಮೇಲೆ ನಿಮ್ಮ ಸುದ್ದೀನೇ ಬರ್ಲಿಲ್ಲ. ಬಂಡೀಲೂ ಬರ್ಲಿಲ್ಲ.”

ಚಿಲಿಯವರು ಹೀಗೇ, ಕತೆ ಕೇಳುವಾಗಲೂ ಲೆಕ್ಕ ಹಿಡಿಯುತ್ತಾರೆ. “ಸಾಲ್ತೆನ್ಯಾ ಗಾಡಿವರೆಗೆ ಹೋಗಿದ್ದೆ,” ಎಂದೆ. “ಒಂದು ತಿಂದು ವಾಪಸ್ ಬಂದೆ. ಮಿಕ್ಕಿದ್ದು ಕಸಿಮಿರೊ ಹೇಳಿದ್ದು, ಅಳ್ತಾ ಅಳ್ತಾ.”

“ಪರವಾಗಿಲ್ಲ ಬಿಡಿ. ಈಗ ನಾನು ಕೇಳಿದ್ದಕ್ಕೆ ಉತ್ತರ ಕೊಡಿ. ಕೋಪಾಕಬಾನಾ ಊರಿಗೆ ಹೋಗೋ ಬಸ್ಸು ಎಲ್ಲಿಂದ ಹೊರಡುತ್ತೆ?”

“ಅಯ್ಯೋ, ಅದಾ? ಇಲ್ಲೇ. ಎರಡು ಹೆಜ್ಜೆ.”

“ಯಾವ ಕಡೆಗೆ?”

ನನ್ನ ಬಲಗೈ ಒಂದು ಕಡೆ ತೋರಿಸಿತು. ಎಡಗೈ, ನನ್ನನ್ನು ಕೇಳದೆ, ಇನ್ನೊಂದು ಕಡೆ ತೋರಿಸಿತು. ಹುಡುಗಿ ಎರಡನ್ನೂ ನೋಡಿದಳು. ಚೀಲದ ಪಟ್ಟಿ ಬಿಗಿದುಕೊಂಡಳು.

“ಸರಿ ಹಾಗಾದ್ರೆ. ಬನ್ನಿ, ನೀವೇ ಬಂದು ತೋರ್ಸಿ.”

ಆಗಲೇ ಹೊರಗೆ ಕಸಿಮಿರೊ ಮಧ್ಯಾಹ್ನದ ತಂಡವನ್ನು ಕಟ್ಟಿಕೊಂಡು ಹೊರಟ. ಒಣಗಿ ಕಡ್ಡಿಯಾಗಿದ್ದ. ಗಾಜಿನಾಚೆಯಿಂದ ಅವನು ನೋಡಿದ್ದು ನನ್ನನ್ನಲ್ಲ, ನನ್ನ ಕೆಳಗಿನ ಕುರ್ಚಿಯನ್ನು.

ನಾನು ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡೆ. ಗಾಜಿನ ಕಿಂಡಿಗೆ ಬಾಯಿ ಹತ್ತಿರ ತಂದು, ನಿಲ್ದಾಣದಲ್ಲಿ ಬೇರೆ ಯಾರ ಕಿವಿಗೂ ಬೀಳದ ಹಾಗೆ ಹೇಳಿದೆ:

“ತಾಯಿ, ನಂಗೆ ಗೊತ್ತಿಲ್ಲ.”